ರಿಪೇರಿಯಾಗಿ ಬಂದ ಸರ್ವರ್ ತಾನಾಗಿ ಕೆಲಸ ಕಸಿದುಕೊಳ್ಳದಿರಲಿ: ಪೇಸ್‌ಮೇಕರ್ ಕ್ಲಸ್ಟರ್‌ನಲ್ಲಿ ಫೇಲ್‌ಬ್ಯಾಕ್ ಹಿಡಿತಕ್ಕೆ ತರುವ ಬಗೆ

ನಮ್ಮ ಕ್ಲಸ್ಟರ್‌ನಲ್ಲಿ ಎರಡು ಸರ್ವರ್‌ಗಳು (ನೋಡ್1, ನೋಡ್2), ಒಂದು ಬಿದ್ದರೆ ಇನ್ನೊಂದು ಕೆಲಸ ಎತ್ತಿಕೊಳ್ಳುತ್ತದೆ. ರಾತ್ರಿ ಎರಡೂವರೆಗೆ ಮೆಮರಿ ಮಾಡ್ಯೂಲ್ ಕೆಟ್ಟು ನೋಡ್1 ಹ್ಯಾಂಗ್ ಆಯಿತು. ಕ್ಲಸ್ಟರ್ ತನ್ನ ಕೆಲಸ ಚೊಕ್ಕವಾಗಿ ಮಾಡಿತು. ನೋಡ್1ನ್ನು ಫೆನ್ಸ್ ಮಾಡಿತು (ಬಲವಂತವಾಗಿ ಬೇರ್ಪಡಿಸಿತು), ಎನ್‌ಎಫ್‌ಎಸ್ ಗುಂಪನ್ನು, ಅಂದರೆ ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಸೇವೆಯ ಭಾಗಗಳನ್ನು, ಪೂರ್ತಿಯಾಗಿ ನೋಡ್2ರಲ್ಲಿ ಎಬ್ಬಿಸಿ ನಿಲ್ಲಿಸಿತು. ಆ ಹೊತ್ತಿನಲ್ಲಿ ಫೈಲ್ ಬಳಸುತ್ತಿದ್ದವರು ಯಾರೂ ಇರಲಿಲ್ಲ, ಒಂದು ದೂರೂ ಬರಲಿಲ್ಲ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೊಸ ಮಾಡ್ಯೂಲ್ ಹಾಕಿ ನೋಡ್1 ಆನ್ ಮಾಡಿದೆವು. ಅದು ಬೂಟ್ ಆಗಿ ಕ್ಲಸ್ಟರ್‌ಗೆ ಸೇರಿದ ಕೂಡಲೇ ನೋಡ್2ರಲ್ಲಿ ಆರಾಮಾಗಿ ಓಡುತ್ತಿದ್ದ ಗುಂಪು ಒಂದೊಂದಾಗಿ ಸ್ಟಾಪ್ ಆಗತೊಡಗಿತು. ನಂತರ ನೋಡ್1ರಲ್ಲಿ ಒಂದೊಂದಾಗಿ ಸ್ಟಾರ್ಟ್ ಆಯಿತು. ಎನ್‌ಎಫ್‌ಎಸ್ 4ರಲ್ಲಿ ಸರ್ವರ್ ಹೊಸದಾಗಿ ಎದ್ದಾಗ ಗ್ರೇಸ್ ಪೀರಿಯಡ್ ಇರುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 90 ಸೆಕೆಂಡ್. ಆ ಹೊತ್ತಿನಲ್ಲಿ ಹಳೆಯ ಲಾಕ್‌ಗಳನ್ನು ಮರಳಿ ಪಡೆಯಬಹುದು, ಹೊಸದಾಗಿ ಫೈಲ್ ಓಪನ್ ಮಾಡುವವರು ಕಾಯಲೇಬೇಕು. ಕಚೇರಿ ತುಂಬಿದ್ದ ಹೊತ್ತಿನಲ್ಲಿ ಎಲ್ಲರ ಸ್ಕ್ರೀನೂ ನಿಂತುಬಿಟ್ಟಿತು.

ರಾತ್ರಿಯ ತೊಂದರೆ ಹಾರ್ಡ್‌ವೇರ್‌ನದು, ಅದನ್ನು ತಡೆಯುವುದು ನಮ್ಮ ಕೈಯಲ್ಲಿರಲಿಲ್ಲ. ಬೆಳಗಿನದು ಫೇಲ್‌ಬ್ಯಾಕ್, ಅಂದರೆ ಕೆಲಸ ಹಳೆಯ ನೋಡ್‌ಗೆ ಮರಳುವುದು. ಅದು ನಾವೇ ಬರೆದಿಟ್ಟ ಒಂದು ಸಾಲಿನಿಂದ ಆದದ್ದು. ಆವತ್ತಿನಿಂದ ನಾನು ಕಟ್ಟುವ ಪ್ರತಿ ಕ್ಲಸ್ಟರ್‌ನಲ್ಲೂ ಒಂದೇ ನಿಯಮ: ಬಿದ್ದಾಗ ಯಂತ್ರವೇ ತೀರ್ಮಾನಿಸಲಿ, ಮರಳುವುದು ಯಾವಾಗ ಅನ್ನುವುದನ್ನು ಮನುಷ್ಯ ತೀರ್ಮಾನಿಸಲಿ. ಅದನ್ನು ಜಾರಿಗೆ ತರುವ ಹಂತಗಳು ಕೆಳಗಿವೆ.

ಉದಾಹರಣೆಗಳು ಪೇಸ್‌ಮೇಕರ್ (ಯಾವ ಸೇವೆ ಎಲ್ಲಿ ಓಡಬೇಕೆಂದು ತೀರ್ಮಾನಿಸುವ ತಂತ್ರಾಂಶ), ಕೊರೋಸಿಂಕ್ (ನೋಡ್‌ಗಳ ನಡುವೆ ಸಂಪರ್ಕ ಇಡುವ ತಂತ್ರಾಂಶ) ಮತ್ತು ಪಿಸಿಎಸ್ (ಇವೆರಡನ್ನೂ ನಡೆಸುವ ಕಮಾಂಡ್) ಇರುವ ಎರಡು ನೋಡ್‌ಗಳ ಕ್ಲಸ್ಟರ್‌ಗೆ ಸಂಬಂಧಿಸಿದವು. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೊಡೆಯಿರಿ. ‘ಇನ್‌ಫಿನಿಟಿ’ ಒಂದನ್ನು ಮಾತ್ರ ದೊಡ್ಡಕ್ಷರಗಳಲ್ಲಿ ಬರೆಯಬೇಕು.

ಮೊದಲು ತಿಳಿದಿರಬೇಕಾದ್ದು: ಫೇಲ್‌ಬ್ಯಾಕ್ ಅನ್ನುವ ಸ್ವಿಚ್ ಇಲ್ಲ

ಹಿಂದಿನ ಕ್ಲಸ್ಟರ್ ತಂತ್ರಾಂಶ ಹಾರ್ಟ್‌ಬೀಟ್‌ನಲ್ಲಿ ‘ಆಟೋ_ಫೇಲ್‌ಬ್ಯಾಕ್’ ಅಂತ ಒಂದು ಸಾಲು ಇತ್ತು. ಆನ್ ಅಥವಾ ಆಫ್ ಅಂತ ಬರೆದರೆ ಮುಗಿಯಿತು. ಪೇಸ್‌ಮೇಕರ್‌ನಲ್ಲಿ ಅಂಥದ್ದನ್ನು ಹುಡುಕಿದರೆ ಸಿಗುವುದಿಲ್ಲ. ಕ್ಲಸ್ಟರ್‌ನಲ್ಲಿ ಏನೇ ಬದಲಾದರೂ ಪೇಸ್‌ಮೇಕರ್ ಪ್ರತಿ ರಿಸೋರ್ಸ್‌ಗೂ (ತಾನು ನಡೆಸುವ ಪ್ರತಿ ಸೇವೆಗೂ) ಪ್ರತಿ ನೋಡ್‌ನ ಮೇಲೆ ಒಂದು ಸ್ಕೋರ್ ಲೆಕ್ಕ ಹಾಕುತ್ತದೆ. ಯಾವ ನೋಡ್‌ಗೆ ಹೆಚ್ಚು ಅಂಕವೋ ರಿಸೋರ್ಸ್ ಅಲ್ಲಿಗೆ. ನೋಡ್1 ವಾಪಸ್ ಬಂದಾಗಲೂ ನಡೆಯುವುದು ಇದೇ ಲೆಕ್ಕ. ಅದರ ಫಲವನ್ನೇ ನಾವು ಫೇಲ್‌ಬ್ಯಾಕ್ ಅನ್ನುತ್ತೇವೆ.

ಈ ಲೆಕ್ಕದಲ್ಲಿ ಎರಡು ಬಲಗಳು ಎದುರುಬದುರಾಗಿ ಎಳೆಯುತ್ತವೆ. ಒಂದು ಲೊಕೇಶನ್ ಕನ್‌ಸ್ಟ್ರೇಂಟ್, ಅಂದರೆ ‘ಈ ರಿಸೋರ್ಸ್‌ಗೆ ನೋಡ್1 ಇಷ್ಟ’ ಎಂದು ನಾವು ಬರೆದಿಟ್ಟದ್ದು. ಇನ್ನೊಂದು ರಿಸೋರ್ಸ್-ಸ್ಟಿಕಿನೆಸ್, ಅಂದರೆ ಈಗ ಓಡುತ್ತಿರುವ ಜಾಗಕ್ಕೆ ಇರುವ ಅಂಟು. ಇಷ್ಟ ಗೆದ್ದರೆ ಫೇಲ್‌ಬ್ಯಾಕ್ ಆಗುತ್ತದೆ, ಅಂಟು ಗೆದ್ದರೆ ರಿಸೋರ್ಸ್ ಕೂತಲ್ಲೇ ಕೂರುತ್ತದೆ.

ಪೇಸ್‌ಮೇಕರ್‌ನ ಮೂಲ ಡಿಫಾಲ್ಟ್‌ನಲ್ಲಿ ಈ ಅಂಟು ಸೊನ್ನೆ. ಇಷ್ಟದ ಸಾಲು ಬರೆದಿಲ್ಲವಾದ್ದರಿಂದ ಯಾವುದೂ ಕದಲುವುದಿಲ್ಲ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಅದು ತಪ್ಪು. ಅಂಟು ಸೊನ್ನೆ ಇದ್ದರೆ ಪೇಸ್‌ಮೇಕರ್ ಹೊರೆಯನ್ನು ನೋಡ್‌ಗಳ ನಡುವೆ ಸಮನಾಗಿ ಹಂಚಲು ನೋಡುತ್ತದೆ. ಖಾಲಿ ನೋಡ್ ಒಂದು ವಾಪಸ್ ಬಂತು ಅಂದರೆ ಅದಕ್ಕೂ ಕೆಲಸ ಕೊಡಲು ಯಾವುದೋ ಒಂದು ರಿಸೋರ್ಸನ್ನು ಎಬ್ಬಿಸಿ ಕಳಿಸಬಹುದು. ಪಿಸಿಎಸ್‌ನ ಹೊಸ ಆವೃತ್ತಿಗಳು ಕ್ಲಸ್ಟರ್ ಕಟ್ಟುವಾಗಲೇ ಅಂಟನ್ನು 1 ಎಂದು ಇಡುವುದುಂಟು. ಈ ಹಂಚಿಕೆಯ ಓಡಾಟ ನಿಲ್ಲಿಸಲು 1 ಸಾಕು, ಬರೆದಿಟ್ಟ ಇಷ್ಟವನ್ನು ಎದುರಿಸಲು ಸಾಲದು.

ಹಂತ 1: ಈಗ ಏನಿದೆ ನೋಡಿ

ಏನನ್ನೂ ಬದಲಿಸುವ ಮೊದಲು ಎರಡು ಕಮಾಂಡ್ ಓಡಿಸಿ.

ಪಿಸಿಎಸ್ ರಿಸೋರ್ಸ್ ಡಿಫಾಲ್ಟ್ಸ್

ಪಿಸಿಎಸ್ ಕನ್‌ಸ್ಟ್ರೇಂಟ್ --ಫುಲ್

ಮೊದಲನೆಯದು ಡಿಫಾಲ್ಟ್ ಅಂಟನ್ನು ತೋರಿಸುತ್ತದೆ. ಎರಡನೆಯದು ಎಲ್ಲ ಕನ್‌ಸ್ಟ್ರೇಂಟ್‌ಗಳನ್ನೂ ಐಡಿ ಸಮೇತ ಪಟ್ಟಿ ಮಾಡುತ್ತದೆ. ಈ ಪಟ್ಟಿಯಲ್ಲಿ ಮುಖ್ಯವಾಗಿ ಹುಡುಕಬೇಕಾದವು ಎರಡು.

ಒಂದು, ಇನ್‌ಫಿನಿಟಿ ಸ್ಕೋರ್ ಇರುವ ಲೊಕೇಶನ್ ಸಾಲು. ನಮ್ಮ ಆ ಬೆಳಗಿನ ಮೂಲ ಇದೇ. ‘ಪಿಸಿಎಸ್ ಕನ್‌ಸ್ಟ್ರೇಂಟ್ ಲೊಕೇಶನ್ ಎನ್‌ಎಫ್‌ಎಸ್-ಗುಂಪು ಪ್ರಿಫರ್ಸ್ ನೋಡ್1’ ಎಂದು ಬರೆದು, ಕೊನೆಯಲ್ಲಿ ಅಂಕ ಬರೆಯದೆ ಬಿಟ್ಟಿದ್ದೆವು. ಅಂಕ ಕೊಡದಿದ್ದರೆ ಪಿಸಿಎಸ್ ಇನ್‌ಫಿನಿಟಿ ಎಂದೇ ಹಿಡಿಯುತ್ತದೆ. ಪೇಸ್‌ಮೇಕರ್‌ನಲ್ಲಿ ಇನ್‌ಫಿನಿಟಿ ಅಂದರೆ 10,00,000. ಅದರೆದುರು ನೀವು ಅಂಟನ್ನು ನೂರು ಇಡಿ, ಐದು ಸಾವಿರ ಇಡಿ, ಇಷ್ಟವೇ ಗೆಲ್ಲುತ್ತದೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು ‘ಸಾಧ್ಯವಾದರೆ ನೋಡ್1 ಇರಲಿ’ ಅನ್ನುವಷ್ಟೇ ಮಾತು. ಕ್ಲಸ್ಟರ್‌ಗೆ ಕೇಳಿಸಿದ್ದು ‘ನೋಡ್1 ಬದುಕಿದ್ದರೆ ಅಲ್ಲಿಗೇ’ ಅನ್ನುವ ಆಜ್ಞೆ.

ಎರಡು, ‘ಸಿಎಲ್‌ಐ-ಪ್ರಿಫರ್’ ಅಥವಾ ‘ಸಿಎಲ್‌ಐ-ಬ್ಯಾನ್’ ಎಂದು ಶುರುವಾಗುವ ಐಡಿಗಳು. ಯಾರೋ ಯಾವತ್ತೋ ಕೈಯಿಂದ ರಿಸೋರ್ಸ್ ಮೂವ್ ಮಾಡಿದ್ದರೆ ಅದರ ಗುರುತು ಹೀಗೆ ಉಳಿದಿರುತ್ತದೆ. ಹಳೆಯ ಪಿಸಿಎಸ್‌ನಲ್ಲಿ ಮೂವ್ ಮಾಡಿದ ಮೇಲೆ ಕನ್‌ಸ್ಟ್ರೇಂಟ್ ಹಾಗೇ ಉಳಿಯುತ್ತಿತ್ತು. ಹೊಸದರಲ್ಲಿ ರಿಸೋರ್ಸ್ ಸರಿದ ಮೇಲೆ ಪಿಸಿಎಸ್ ತಾನೇ ಅದನ್ನು ತೆಗೆಯುತ್ತದೆ. ವರ್ಷದ ಹಿಂದೆ ಪ್ಯಾಚ್ ಹಾಕಲು ಮಾಡಿದ ಮೂವ್ ಇವತ್ತು ಫೇಲ್‌ಬ್ಯಾಕ್‌ಗೆ ಕಾರಣವಾಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಅಂಥದ್ದು ಕಂಡರೆ ‘ಪಿಸಿಎಸ್ ರಿಸೋರ್ಸ್ ಕ್ಲಿಯರ್’ ಹೊಡೆದು ಮುಂದೆ ರಿಸೋರ್ಸ್ ಹೆಸರು ಕೊಡಿ. ಒಂದು ಎಚ್ಚರ: ಬ್ಯಾನ್ ತೆಗೆದ ಕೂಡಲೇ ಲೆಕ್ಕ ಮತ್ತೆ ನಡೆಯುತ್ತದೆ. ಅಂಟು ಇನ್ನೂ ಸೊನ್ನೆಯಲ್ಲೇ ಇದ್ದರೆ ರಿಸೋರ್ಸ್ ಅಲ್ಲಿಂದಲೇ ಹಾರಬಹುದು. ಹಾಗಾಗಿ ಮೊದಲು ಅಂಟು ಏರಿಸಿ, ಆಮೇಲೆ ಕ್ಲಿಯರ್ ಮಾಡಿ.

ಹಂತ 2: ಅಂಕಗಳನ್ನು ಕಾಗದದ ಮೇಲೆ ಲೆಕ್ಕ ಹಾಕಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ನಮ್ಮ ಎನ್‌ಎಫ್‌ಎಸ್ ಗುಂಪಿನಲ್ಲಿ ಐದು ಸದಸ್ಯರು: ಎಲ್‌ವಿಎಂ (ಡಿಸ್ಕ್ ಜಾಗ ವಿಂಗಡಿಸುವ ಪದರ), ಫೈಲ್‌ಸಿಸ್ಟಂ, ಎನ್‌ಎಫ್‌ಎಸ್ ಸರ್ವರ್, ಎಕ್ಸ್‌ಪೋರ್ಟ್ (ಹಂಚುವ ಫೋಲ್ಡರ್), ಕೊನೆಗೆ ತೇಲುವ ಐಪಿ ವಿಳಾಸ (ಗುಂಪಿನ ಜೊತೆಗೇ ಸರಿಯುವ ವಿಳಾಸ). ಗುಂಪಿನಲ್ಲಿ ಅಂಟು ಕೂಡುತ್ತಾ ಹೋಗುತ್ತದೆ. ಡಿಫಾಲ್ಟ್ ಅಂಟು 100 ಇಟ್ಟರೆ, ಐದೂ ಓಡುತ್ತಿರುವಾಗ ಗುಂಪಿನ ಒಟ್ಟು ಅಂಟು 500. ಗುಂಪಿನ ಮೇಲೆ ನೋಡ್1ಕ್ಕೆ 300 ಅಂಕದ ಇಷ್ಟ ಬರೆದಿದ್ದೀರಿ ಅನ್ನಿ. ಗುಂಪು ನೋಡ್2ರಲ್ಲಿ ಓಡುತ್ತಿದೆ, ನೋಡ್1 ವಾಪಸ್ ಬಂತು. ನೋಡ್2ಕ್ಕೆ 500, ನೋಡ್1ಕ್ಕೆ 300. ಗುಂಪು ಕದಲುವುದಿಲ್ಲ. ಎರಡೂ ನೋಡ್ ಒಟ್ಟಿಗೆ ಹೊಸದಾಗಿ ಎದ್ದಾಗ ಮಾತ್ರ ಯಾರಲ್ಲೂ ಅಂಟಿಲ್ಲ. ಆಗ 300 ಗೆದ್ದು ಗುಂಪು ನೋಡ್1ಕ್ಕೆ ಹೋಗುತ್ತದೆ. ನಮಗೆ ಬೇಕಾದದ್ದು ಇದೇ ನಡತೆ.

ಆದರೆ ಇಲ್ಲೊಂದು ಕಣ್ಣಿಗೆ ಬೀಳದ ಗುಂಡಿ ಇದೆ. ಕೂಡುವುದು ಓಡುತ್ತಿರುವ ಸದಸ್ಯರ ಅಂಟು ಮಾತ್ರ. ಗುಂಪು ನೋಡ್2ರಲ್ಲಿರುವಾಗ ಏನೋ ಸರಿಪಡಿಸಲು ನೀವು ಎನ್‌ಎಫ್‌ಎಸ್ ಸರ್ವರ್ ಒಂದನ್ನು ಡಿಸೇಬಲ್ ಮಾಡಿದಿರಿ ಅನ್ನಿ. ಗುಂಪಿನ ನಿಯಮದಂತೆ ಅದರ ನಂತರದ ಎಕ್ಸ್‌ಪೋರ್ಟೂ ಐಪಿಯೂ ನಿಲ್ಲುತ್ತವೆ. ಉಳಿದದ್ದು ಎಲ್‌ವಿಎಂ ಮತ್ತು ಫೈಲ್‌ಸಿಸ್ಟಂ, ಅವುಗಳ ಅಂಟು ಬರೀ 200. ಎದುರಿಗೆ 300. ನೀವು ನೋಡ್2ರಲ್ಲಿ ಕಾನ್ಫಿಗ್ ಫೈಲ್ ತೆರೆದು ಕೂತಿರುವಾಗಲೇ ಡಿಸ್ಕ್ ಅನ್‌ಮೌಂಟ್ ಆಗಿ ನೋಡ್1ಕ್ಕೆ ಹೊರಟಿರುತ್ತದೆ.

ಹಾಗಾಗಿ ನನ್ನ ಲೆಕ್ಕ ಹೀಗೆ: ಒಬ್ಬನೇ ಸದಸ್ಯ ಓಡುತ್ತಿದ್ದರೂ ಅಂಟೇ ಗೆಲ್ಲಬೇಕು. ಅಂದರೆ ಇಷ್ಟದ ಅಂಕ ಯಾವಾಗಲೂ ಒಂದು ರಿಸೋರ್ಸ್‌ನ ಅಂಟಿಗಿಂತ ಕಡಿಮೆ ಇರಲಿ. ಅಂಟು 1000, ಇಷ್ಟ 50 ಇಟ್ಟರೆ ಗುಂಪಿನ ಗಾತ್ರ ಬದಲಾದರೂ, ನಾಳೆ ಇನ್ನೆರಡು ಸದಸ್ಯರನ್ನು ಸೇರಿಸಿದರೂ ಲೆಕ್ಕ ಕೆಡುವುದಿಲ್ಲ.

ಅಂಟನ್ನೇ ಇನ್‌ಫಿನಿಟಿ ಮಾಡಿಬಿಟ್ಟರೆ ಆಗದೇ ಅಂತ ಕೇಳುವವರಿದ್ದಾರೆ. ಮಾಡಬಹುದು. ಹಾಗೆ ಮಾಡಿದರೂ ನೋಡ್ ಬಿದ್ದಾಗ ಅಥವಾ ಸ್ಟ್ಯಾಂಡ್‌ಬೈಗೆ (ರಿಸೋರ್ಸ್ ಓಡಿಸದ ಸ್ಥಿತಿಗೆ) ಹೋದಾಗ ರಿಸೋರ್ಸ್ ಸರಿಯುತ್ತದೆ. ಆದರೆ ಅಂಕಗಳ ನಡುವೆ ಜಾಗವೇ ಉಳಿಯುವುದಿಲ್ಲ. ಮುಂದೆ ಒಂದು ಇಷ್ಟ ನಿಜವಾಗಿಯೂ ಅಂಟನ್ನು ಮೀರಬೇಕು ಅನ್ನಿಸಿದಾಗ ಬರೆಯಲು ಅಂಕ ಇರುವುದಿಲ್ಲ. ಸುಸೆ ಲಿನಕ್ಸ್‌ನ ಸ್ಯಾಪ್ ಹಾನಾ (ಡೇಟಾಬೇಸ್) ಮಾರ್ಗದರ್ಶಿಗಳೂ ಅಂಟನ್ನು 1000 ಎಂದೇ ಇಡುತ್ತವೆ.

ಹಂತ 3: ಅಂಟು ಹಾಕಿ, ಇಷ್ಟ ಇಳಿಸಿ

ಪಿಸಿಎಸ್ ರಿಸೋರ್ಸ್ ಡಿಫಾಲ್ಟ್ಸ್ ಅಪ್‌ಡೇಟ್ ರಿಸೋರ್ಸ್-ಸ್ಟಿಕಿನೆಸ್=1000

ಒಂದು ಗುಂಪಿಗೆ ಮಾತ್ರ ಬೇರೆ ಅಂಕ ಬೇಕಿದ್ದರೆ:

ಪಿಸಿಎಸ್ ರಿಸೋರ್ಸ್ ಮೆಟಾ ಎನ್‌ಎಫ್‌ಎಸ್-ಗುಂಪು ರಿಸೋರ್ಸ್-ಸ್ಟಿಕಿನೆಸ್=2000

ಗುಂಪಿಗೆ ಬರೆದದ್ದು ಪ್ರತಿ ಸದಸ್ಯನಿಗೂ ಇಳಿಯುತ್ತದೆ ಎಂಬುದು ನೆನಪಿರಲಿ. ಇಂಟರ್ನೆಟ್‌ನ ಹಳೆಯ ಬರಹಗಳಲ್ಲಿ ‘ಡಿಫಾಲ್ಟ್-ರಿಸೋರ್ಸ್-ಸ್ಟಿಕಿನೆಸ್’ ಅನ್ನುವ ಕ್ಲಸ್ಟರ್ ಪ್ರಾಪರ್ಟಿ ಕಾಣಿಸುತ್ತದೆ. ಪೇಸ್‌ಮೇಕರ್ 2.0ರಲ್ಲಿ ಅದನ್ನು ತೆಗೆದಿದ್ದಾರೆ, ನಕಲು ಮಾಡಬೇಡಿ.

ಈಗ ಇನ್‌ಫಿನಿಟಿ ಇದ್ದ ಹಳೆಯ ಲೊಕೇಶನ್ ಸಾಲನ್ನು ಅದರ ಐಡಿ ಕೊಟ್ಟು ಅಳಿಸಿ, ಹೊಸದು ಬರೆಯಿರಿ:

ಪಿಸಿಎಸ್ ಕನ್‌ಸ್ಟ್ರೇಂಟ್ ಲೊಕೇಶನ್ ಎನ್‌ಎಫ್‌ಎಸ್-ಗುಂಪು ಪ್ರಿಫರ್ಸ್ ನೋಡ್1=50

ಎರಡೂ ಯಂತ್ರ ಒಂದೇ ತೂಕದವಾಗಿದ್ದರೆ ಈ ಸಾಲು ಬೇಕೇ ಅಂತ ಒಮ್ಮೆ ಯೋಚಿಸಿ. ಬಹಳ ಕಡೆ ಅದು ಅಭ್ಯಾಸಬಲದಿಂದ ಬರೆದದ್ದು. ನೋಡ್1ರಲ್ಲಿ ಮೆಮರಿ ಹೆಚ್ಚಿದೆ, ಅಥವಾ ಬ್ಯಾಕಪ್ ಟೇಪ್ ಅದಕ್ಕೇ ಜೋಡಿಸಿದೆ ಅನ್ನುವಂಥ ಕಾರಣ ಇದ್ದರೆ ಮಾತ್ರ ಇಡಿ.

ಹಂತ 4: ನೋಡ್ ಬೂಟ್ ಮಾಡುವ ಮೊದಲೇ ಫಲ ನೋಡಿ

ಪೇಸ್‌ಮೇಕರ್ ಜೊತೆ ಬರುವ ‘ಸಿಆರ್‌ಎಂ_ಸಿಮ್ಯುಲೇಟ್’ ಉಪಯೋಗಿಸದೆ ಫೇಲ್‌ಬ್ಯಾಕ್ ವಿಷಯಕ್ಕೆ ಕೈಹಾಕಬೇಡಿ. ಇದು ಓಡುತ್ತಿರುವ ಕ್ಲಸ್ಟರ್‌ನ ಸ್ಥಿತಿಯ ಒಂದು ಪ್ರತಿ ತೆಗೆದುಕೊಂಡು, ಅದರ ಮೇಲೆ ಲೆಕ್ಕ ಮಾಡಿ ತೋರಿಸುತ್ತದೆ. ನಿಜವಾದ ಕ್ಲಸ್ಟರನ್ನು ಮುಟ್ಟುವುದಿಲ್ಲ.

ಸಿಆರ್‌ಎಂ_ಸಿಮ್ಯುಲೇಟ್ --ಲೈವ್-ಚೆಕ್ --ಸಿಮ್ಯುಲೇಟ್ --ಶೋ-ಸ್ಕೋರ್ಸ್ --ನೋಡ್-ಅಪ್ ನೋಡ್1

‘ನೋಡ್1 ಈಗ ಎದ್ದು ಬಂದರೆ ಏನು ಮಾಡುತ್ತೀಯ’ ಅಂತ ಕ್ಲಸ್ಟರನ್ನೇ ಕೇಳಿದ ಹಾಗೆ ಇದು. ಹೊರಬರುವ ಸಾಲುಗಳಲ್ಲಿ ಪ್ರತಿ ರಿಸೋರ್ಸ್‌ಗೂ ನೋಡ್‌ವಾರು ಅಲೊಕೇಶನ್ ಸ್ಕೋರ್ ಇರುತ್ತದೆ. ಮೊದಲು ಗುಂಪಿನ ಮೊದಲ ಸದಸ್ಯನ ಸಾಲು ನೋಡಿ, ಇಡೀ ಗುಂಪಿನ ಭಾರ ಬಂದು ಸೇರುವುದು ಅಲ್ಲಿಗೇ. ನಂತರ ಕ್ರಿಯೆಗಳ ಪಟ್ಟಿ ನೋಡಿ. ಅಲ್ಲಿ ‘ಮೂವ್’ ಅಂತ ಒಂದಾದರೂ ಸಾಲು ಇದ್ದರೆ ನೋಡ್1ರ ಪವರ್ ಬಟನ್ ಒತ್ತಬೇಡಿ, ಹಂತ 1ಕ್ಕೆ ವಾಪಸ್ ಹೋಗಿ. ಗುಂಪಿನ ಹೊರಗಿರುವ ರಿಸೋರ್ಸ್ ಒಂದು ಕೊಲೊಕೇಶನ್ (ಒಂದೇ ನೋಡ್‌ನಲ್ಲಿ ಇರಬೇಕೆಂಬ ನಿಯಮ) ಮೂಲಕ ಇದಕ್ಕೆ ಕಟ್ಟಿಕೊಂಡಿದ್ದರೆ ಅದರ ಇಷ್ಟವೂ ಲೆಕ್ಕಕ್ಕೆ ಬರುತ್ತದೆ. ಅದು ಬೆಳಕಿಗೆ ಬರುವುದೂ ಇಲ್ಲೇ.

ಹಂತ 5: ಹಿಂಬಾಗಿಲಿನಿಂದ ಬರುವ ಫೇಲ್‌ಬ್ಯಾಕ್

ನೋಡ್ ಬೀಳದೆಯೂ ಫೇಲ್‌ಬ್ಯಾಕ್ ಆಗುವುದುಂಟು. ಮೈಗ್ರೇಶನ್-ಥ್ರೆಶೋಲ್ಡ್ (ಎಷ್ಟು ಸಲ ಸೋತರೆ ಆ ನೋಡ್ ಬಿಡಬೇಕು ಅನ್ನುವ ಮಿತಿ) 3 ಇಟ್ಟಿದ್ದೀರಿ, ಎನ್‌ಎಫ್‌ಎಸ್ ಸರ್ವರ್ ನೋಡ್1ರಲ್ಲಿ ಮೂರು ಸಲ ಫೇಲ್ ಆಯಿತು. ಗುಂಪು ನೋಡ್2ಕ್ಕೆ ಹೋಯಿತು, ನೋಡ್1ಕ್ಕೆ ಬಹಿಷ್ಕಾರ ಬಿತ್ತು. ಫೇಲ್ಯೂರ್-ಟೈಮ್‌ಔಟ್ ಎಂದು 10 ನಿಮಿಷ ಬರೆದಿದ್ದರೆ, ಆ ಹೊತ್ತು ಕಳೆದ ಮೇಲೆ ಬಹಿಷ್ಕಾರ ತಾನಾಗಿ ಹೋಗುತ್ತದೆ. ಅಂಟು ಕಡಿಮೆ ಇದ್ದರೆ ಗುಂಪು ನೋಡ್1ಕ್ಕೆ ಮರಳುತ್ತದೆ, ಮೂಲ ದೋಷ ಹಾಗೇ ಇದ್ದರೆ ಮತ್ತೆ ಮೂರು ಸಲ ಬೀಳುತ್ತದೆ, ಮತ್ತೆ ನೋಡ್2. ರಾತ್ರಿಯಿಡೀ ಈ ಪಿಂಗ್‌ಪಾಂಗ್ ನಡೆಯುತ್ತಲೇ ಇರುತ್ತದೆ.

ಅಂಟು ಸರಿಯಾಗಿದ್ದರೆ ಇದು ನಿಲ್ಲುತ್ತದೆ. ಆದರೂ ಡೇಟಾ ಇರುವ ರಿಸೋರ್ಸ್‌ಗಳಿಗೆ ನಾನು ಫೇಲ್ಯೂರ್-ಟೈಮ್‌ಔಟ್ ಇಡುವುದಿಲ್ಲ. ಡಿಫಾಲ್ಟ್ ಸೊನ್ನೆ, ಅಂದರೆ ವೈಫಲ್ಯದ ಲೆಕ್ಕ ತಾನಾಗಿ ಅಳಿಯುವುದಿಲ್ಲ. ‘ಪಿಸಿಎಸ್ ರಿಸೋರ್ಸ್ ಫೇಲ್‌ಕೌಂಟ್ ಶೋ’ ನೋಡಿ, ಕಾರಣ ಪತ್ತೆ ಹಚ್ಚಿ, ಸರಿಪಡಿಸಿದ ಮೇಲೆ ‘ಪಿಸಿಎಸ್ ರಿಸೋರ್ಸ್ ಕ್ಲೀನಪ್’ ಕೈಯಾರೆ ಹೊಡೆಯುತ್ತೇನೆ. ಸ್ಟಾರ್ಟ್ ಹಂತದಲ್ಲೇ ಫೇಲ್ ಆದರೆ ಥ್ರೆಶೋಲ್ಡ್ ಕಾಯುವುದೂ ಇಲ್ಲ. ಡಿಫಾಲ್ಟ್ ನಡತೆಯಲ್ಲಿ ಒಂದೇ ಸೋಲಿಗೆ ಆ ನೋಡ್ ಆ ರಿಸೋರ್ಸ್‌ಗೆ ಮುಚ್ಚಿಹೋಗುತ್ತದೆ.

ಹಂತ 6: ಬೂಟ್ ಆದ ನೋಡ್ ಹೊಸಿಲ ಹೊರಗೇ ನಿಲ್ಲಲಿ

ಫೆನ್ಸ್ ಆದ ನೋಡ್ ಸಾಮಾನ್ಯವಾಗಿ ರೀಬೂಟ್ ಆಗಿ ವಾಪಸ್ ಬರುತ್ತದೆ. ಕ್ಲಸ್ಟರ್ ಸರ್ವೀಸ್ ಬೂಟ್‌ನಲ್ಲೇ ಶುರುವಾಗುವಂತೆ ಇದ್ದರೆ ಅದು ನೇರ ಒಳಗೆ ಬಂದು ಕೂರುತ್ತದೆ. ಯಾಕೆ ಬಿತ್ತು ಅಂತ ಯಾರೂ ನೋಡಿರುವುದಿಲ್ಲ. ಎರಡೇ ನೋಡ್‌ನ ಕ್ಲಸ್ಟರ್‌ಗಳಲ್ಲಿ ನಾನು ‘ಪಿಸಿಎಸ್ ಕ್ಲಸ್ಟರ್ ಡಿಸೇಬಲ್ --ಆಲ್’ ಮಾಡಿ ಇಡುತ್ತೇನೆ. ನೋಡ್ ಬೂಟ್ ಆಗುತ್ತದೆ, ನಾನು ಲಾಗ್ ನೋಡುತ್ತೇನೆ, ಡಿಸ್ಕ್, ನೆಟ್‌ವರ್ಕ್, ಮೆಮರಿ ನೋಡುತ್ತೇನೆ, ಆಮೇಲೆ ‘ಪಿಸಿಎಸ್ ಕ್ಲಸ್ಟರ್ ಸ್ಟಾರ್ಟ್’. ಇದಕ್ಕೆ ಬೆಲೆ ಇದೆ: ಅಷ್ಟು ಹೊತ್ತು ಒಂದೇ ನೋಡ್ ಮೇಲೆ ಎಲ್ಲವೂ ನಿಂತಿರುತ್ತದೆ, ಇಡೀ ಕಟ್ಟಡಕ್ಕೆ ಕರೆಂಟ್ ಹೋಗಿ ಬಂದರೆ ಯಾರಾದರೂ ಕೈಯಾರೆ ಎಬ್ಬಿಸಬೇಕು. ರಾತ್ರಿ ಪಾಳಿಯಲ್ಲಿ ಯಾರೂ ಇಲ್ಲದ ಕಡೆ ಇದು ಸರಿಹೊಂದದು. ಅಲ್ಲಿ ಆಟೋಸ್ಟಾರ್ಟ್ ಇರಲಿ, ಅಂಟಿನ ಮೇಲೆ ಪೂರ್ತಿ ಭರವಸೆ ಇಡಿ.

ಇದರ ತದ್ವಿರುದ್ಧ ಬೇಕಾಗುವ ಸಂದರ್ಭವೂ ಉಂಟು. ಪ್ಯಾಚ್‌ಗಾಗಿ ನೋಡ್ ರೀಬೂಟ್ ಮಾಡುವಾಗ ರಿಸೋರ್ಸ್ ಬೇರೆಡೆ ಹೋಗದೆ ಅದೇ ನೋಡ್‌ಗೆ ಕಾಯಲಿ ಅನ್ನಿಸಿದರೆ, ಪೇಸ್‌ಮೇಕರ್ 2.0.4ರಿಂದ ‘ಶಟ್‌ಡೌನ್-ಲಾಕ್’ ಪ್ರಾಪರ್ಟಿ ಇದೆ. ನೋಡನ್ನು ನೆಟ್ಟಗೆ ಶಟ್‌ಡೌನ್ ಮಾಡಿದಾಗ ಮಾತ್ರ ಅದು ಅನ್ವಯಿಸುತ್ತದೆ, ಕ್ರ್ಯಾಶ್ ಆದಾಗ ಅಲ್ಲ.

ಹಂತ 7: ಗಡಿಯಾರ ನೋಡಿ ಮರಳುವ ವ್ಯವಸ್ಥೆ

ಕೆಲವು ಕಡೆ ‘ಹಗಲು ಕದಲಬಾರದು, ರಾತ್ರಿ ತಾನೇ ಮರಳಲಿ’ ಅನ್ನುವ ಬೇಡಿಕೆ ಇರುತ್ತದೆ. ರಿಸೋರ್ಸ್ ಡಿಫಾಲ್ಟ್‌ನಲ್ಲಿ ಎರಡು ಸೆಟ್ ಬರೆದು, ಒಂದಕ್ಕೆ ಸಮಯದ ರೂಲ್ ಕಟ್ಟಬಹುದು. ಹೆಚ್ಚು ಸ್ಕೋರ್ ಇರುವ ಸೆಟ್‌ಗೆ ಸೋಮವಾರದಿಂದ ಶುಕ್ರವಾರ, ಅಂದರೆ ವೀಕ್‌ಡೇಸ್ 1-5, ಅವರ್ಸ್ 9-16 ಎಂದು ಕೊಟ್ಟು ಅಂಟನ್ನು ಇನ್‌ಫಿನಿಟಿ ಮಾಡಿ. ಇನ್ನೊಂದರಲ್ಲಿ ಅಂಟು 0. 9-16 ಅಂದರೆ ಬೆಳಗ್ಗೆ 9ರಿಂದ ಸಂಜೆ 4:59ರವರೆಗೆ, 16ಕ್ಕೆ ಮುಗಿಯಿತು ಅಂತಲ್ಲ. ಇಂಥ ರೂಲ್‌ಗಳ ಸಮಯ ಬಂದದ್ದು ಕ್ಲಸ್ಟರ್‌ಗೆ ಗೊತ್ತಾಗುವುದು ಅದು ಮತ್ತೆ ಲೆಕ್ಕಕ್ಕೆ ಕೂತಾಗ. ಬೇರೆ ಯಾವ ಘಟನೆಯೂ ಇಲ್ಲದಿದ್ದರೆ ಕ್ಲಸ್ಟರ್-ರೀಚೆಕ್-ಇಂಟರ್ವಲ್‌ನಂತೆ, ಡಿಫಾಲ್ಟ್ ಆಗಿ 15 ನಿಮಿಷಕ್ಕೊಮ್ಮೆ. ಸರ್ವರ್ ಯಾವ ಟೈಮ್‌ಝೋನ್‌ನಲ್ಲಿದೆ ಅಂತಲೂ ನೋಡಿಕೊಳ್ಳಿ.

ವೆಬ್ ಸರ್ವರ್‌ನಂಥ ಹಗುರ ಕೆಲಸಕ್ಕೆ ಇದು ನಡೆಯುತ್ತದೆ. ಡೇಟಾಬೇಸ್‌ಗೆ, ಡಿಆರ್‌ಬಿಡಿ (ಒಂದು ನೋಡ್‌ನ ಡಿಸ್ಕನ್ನು ಇನ್ನೊಂದಕ್ಕೆ ನಕಲಿಸುತ್ತಿರುವ ತಂತ್ರಾಂಶ) ಮೇಲೆ ಕೂತ ಸ್ಟೋರೇಜ್‌ಗೆ ನಾನು ಇದನ್ನು ಒಪ್ಪುವುದಿಲ್ಲ. ವಾಪಸ್ ಬಂದ ನೋಡ್‌ನಲ್ಲಿ ಸಿಂಕ್ ಮುಗಿದಿದೆಯೇ ಅಂತ ಗಡಿಯಾರಕ್ಕೆ ಗೊತ್ತಿರುವುದಿಲ್ಲ.

ಬೇರೆ ಕ್ಲಸ್ಟರ್‌ಗಳಲ್ಲಿ

ಪಿಸಿಎಸ್ ಬದಲು ಸಿಆರ್‌ಎಂ ಶೆಲ್ ಇರುವ ಸುಸೆಯಲ್ಲಿ ಇದೇ ಕೆಲಸಕ್ಕೆ ‘ಸಿಆರ್‌ಎಂ ಕಾನ್ಫಿಗರ್ ಆರ್‌ಎಸ್‌ಸಿ_ಡಿಫಾಲ್ಟ್ಸ್ ರಿಸೋರ್ಸ್-ಸ್ಟಿಕಿನೆಸ್=1000’. ವಿಂಡೋಸ್ ಸರ್ವರ್‌ನ ಫೇಲ್‌ಓವರ್ ಕ್ಲಸ್ಟರ್‌ನಲ್ಲಿ ರೋಲ್‌ನ ಪ್ರಾಪರ್ಟೀಸ್ ತೆರೆದು ಫೇಲ್‌ಓವರ್ ಟ್ಯಾಬ್‌ಗೆ ಹೋಗಿ. ‘ಪ್ರಿವೆಂಟ್ ಫೇಲ್‌ಬ್ಯಾಕ್’ ಅಲ್ಲಿನ ಡಿಫಾಲ್ಟ್, ಬೇಕಿದ್ದರೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯೊಳಗೆ ಮರಳಬಹುದು ಅಂತ ಹೇಳುವ ಸೌಲಭ್ಯ ಇದೆ. ಬರೀ ಐಪಿ ಸರಿಸುವ ಕೀಪ್‌ಅಲೈವ್‌ಡಿಯಲ್ಲಿ ಫೇಲ್‌ಬ್ಯಾಕ್ ತಡೆಯಲು ‘ನೋಪ್ರಿಎಂಪ್ಟ್’ ಬರೆಯಬೇಕು. ಜೊತೆಗೆ ಆ ನೋಡ್‌ನ ಸ್ಟೇಟ್ ‘ಬ್ಯಾಕಪ್’ ಎಂದೇ ಇರಬೇಕು, ‘ಮಾಸ್ಟರ್’ ಎಂದಿದ್ದರೆ ಅದು ಕೆಲಸ ಮಾಡುವುದಿಲ್ಲ. ಇಲ್ಲಿ ಎಡವುವವರು ಬಹಳ.

ಹಂತ 8: ಪರೀಕ್ಷೆ, ಆಮೇಲೆ ಕೈಯಾರೆ ಮರಳಿಸುವುದು

ಮುಂಚೆ ತಿಳಿಸಿದ ಮೇಂಟೆನೆನ್ಸ್ ಸಮಯದಲ್ಲಿ ‘ಪಿಸಿಎಸ್ ನೋಡ್ ಸ್ಟ್ಯಾಂಡ್‌ಬೈ ನೋಡ್1’ ಹೊಡೆಯಿರಿ. ಗುಂಪು ನೋಡ್2ಕ್ಕೆ ಹೋಗಲಿ. ಒಂದು ಕ್ಲೈಂಟ್ ಯಂತ್ರದಿಂದ ಫೈಲ್ ಬರೆಯುತ್ತಲೇ ಇರಿ, ಎಷ್ಟು ಸೆಕೆಂಡ್ ನಿಂತಿತು ಅಂತ ಬರೆದಿಟ್ಟುಕೊಳ್ಳಿ. ನಂತರ ‘ಪಿಸಿಎಸ್ ನೋಡ್ ಅನ್‌ಸ್ಟ್ಯಾಂಡ್‌ಬೈ ನೋಡ್1’. ಈಗ ಕೈಕಟ್ಟಿ ಕೂತು ನೋಡಿ. ಗುಂಪು ಅಲುಗಬಾರದು. 15 ನಿಮಿಷದ ರೀಚೆಕ್ ಕಳೆಯುವವರೆಗೂ ಕಾಯಿರಿ, ಆತುರಪಟ್ಟು ‘ಆಯಿತು’ ಅನ್ನಬೇಡಿ. ಸ್ಟ್ಯಾಂಡ್‌ಬೈ ಒಂದು ಸೌಮ್ಯ ಪರೀಕ್ಷೆ ಮಾತ್ರ. ಒಮ್ಮೆಯಾದರೂ ನಿಜವಾಗಿ ಫೆನ್ಸ್ ಮಾಡಿ, ನೋಡ್ ಬೂಟ್ ಆಗಿ ಸೇರುವವರೆಗಿನ ಪೂರ್ತಿ ಹಾದಿ ನೋಡಿ.

ಮರಳಿಸುವ ದಿನ ಬಂದಾಗ, ಅಂದರೆ ನೋಡ್1 ಎರಡು ದಿನ ಆರೋಗ್ಯವಾಗಿ ಓಡಿದ ಮೇಲೆ, ಬಳಕೆದಾರರಿಗೆ ತಿಳಿಸಿದ ಮೇಲೆ, ಮೊದಲು ‘ಪಿಸಿಎಸ್ ರಿಸೋರ್ಸ್ ರಿಲೊಕೇಟ್ ಶೋ’ ಓಡಿಸಿ. ಅಂಟನ್ನು ಬದಿಗಿಟ್ಟರೆ ಯಾವ ರಿಸೋರ್ಸ್ ಎಲ್ಲಿರಬೇಕಿತ್ತು ಅಂತ ಅದು ತೋರಿಸುತ್ತದೆ. ಒಪ್ಪಿಗೆಯಾದರೆ ‘ಪಿಸಿಎಸ್ ರಿಸೋರ್ಸ್ ರಿಲೊಕೇಟ್ ರನ್ ಎನ್‌ಎಫ್‌ಎಸ್-ಗುಂಪು’. ಹೆಸರು ಕೊಡದೆ ಓಡಿಸಿದರೆ ಎಲ್ಲ ರಿಸೋರ್ಸ್‌ಗಳೂ ತಮ್ಮ ತಮ್ಮ ಇಷ್ಟದ ನೋಡ್‌ಗೆ ಹೊರಡುತ್ತವೆ, ಹಾಗಾಗಿ ಹೆಸರು ಬರೆಯಲು ಮರೆಯಬೇಡಿ.

ಗುಂಪು ನೋಡ್1ರಲ್ಲಿ ಪೂರ್ತಿ ಎದ್ದ ಮೇಲೆ, ಗ್ರೇಸ್ ಪೀರಿಯಡ್ ಮುಗಿದು ಕ್ಲೈಂಟ್‌ನಿಂದ ಒಂದು ಫೈಲ್ ಬರೆದು ನೋಡಿದ ಮೇಲೆ, ಇನ್ನೊಂದು ಸಲ ‘ಪಿಸಿಎಸ್ ಕನ್‌ಸ್ಟ್ರೇಂಟ್ --ಫುಲ್’ ಹೊಡೆಯಿರಿ. ಲೊಕೇಶನ್ ಭಾಗದಲ್ಲಿ ನೀವು ಬರೆದ 50ರ ಸಾಲು ಬಿಟ್ಟು ಬೇರೇನೂ ಇರಬಾರದು.